34 ಕಿಲೋ ಜುಕಿನಿ: ಬೀಜ ಹುಡುಕಿದಲ್ಲಿಂದ ತಕ್ಕಡಿ ಹತ್ತಿಸುವವರೆಗೆ

ಫಲಿತಾಂಶ ಮೊದಲೇ ಹೇಳಿಬಿಡುತ್ತೇನೆ. 2025ರ ಸೆಪ್ಟೆಂಬರಿನಲ್ಲಿ ಬಳ್ಳಿಯಿಂದ ಕೊಯ್ದ ಕಾಯಿ 34.2 ಕಿಲೋ ತೂಗಿತು. ಉದ್ದ 96 ಸೆಂ.ಮೀ., ನಡುವಿನ ಸುತ್ತಳತೆ 78 ಸೆಂ.ಮೀ. ಅಂಗಡಿಯಲ್ಲಿ ಸಿಗುವ ಗೇಣುದ್ದದ ಜುಕಿನಿಯದೇ ಜಾತಿ, ಕುಕುರ್ಬಿಟಾ ಪೆಪೊ. ಎಳೆಯದಿದ್ದಾಗ ಇಲ್ಲಿ ಇಂಗ್ಲೆಂಡಿನವರು ಕೋರ್ಜೆಟ್ ಅನ್ನುತ್ತಾರೆ, ಬಲಿಯಲು ಬಿಟ್ಟರೆ ಮ್ಯಾರೋ. ಊರಿನವರಿಗೆ ಫೋಟೋ ಕಳಿಸಿದರೆ 34 ಕಿಲೋ ಅಂದರೆ ನಂಬಲ್ಲ. ಇಲ್ಲಿನ ದೊಡ್ಡ ಸ್ಪರ್ಧೆಗಳಲ್ಲಿ ಅದನ್ನು ಯಾರೂ ತಿರುಗಿಯೂ ನೋಡಲ್ಲ. 2009ರಲ್ಲಿ ನೆದರ್‌ಲ್ಯಾಂಡ್ಸ್‌ನ ಬ್ರಾಡ್ ವುರ್ಸ್ಟನ್ 93.7 ಕಿಲೋ ಬೆಳೆದರು. 2021ರಲ್ಲಿ ವೇಲ್ಸ್‌ನ ವಿನ್ಸೆಂಟ್ ಸ್ಯೋಡಿನ್ ಮಾಲ್ವರ್ನ್ ಪ್ರದರ್ಶನಕ್ಕೆ ತಂದದ್ದು 116.4 ಕಿಲೋ.

ಜಾಗ: ಬರ್ಕ್‌ಷೈರಿನ ರೆಡಿಂಗ್ ಊರಂಚಿನ ಅಲಾಟ್‌ಮೆಂಟ್, ಅಂದರೆ ವರ್ಷದ ಬಾಡಿಗೆಗೆ ಸಿಗುವ ತರಕಾರಿ ಜಮೀನು. ನನ್ನದು ಅರ್ಧ ಪ್ಲಾಟು, ಸುಮಾರು 125 ಚದರ ಮೀಟರ್. ಜೇಡಿಮಣ್ಣು, ಮಳೆ ಬಂದರೆ ಅಂಟು, ಬಿಸಿಲು ಬಂದರೆ ಇಟ್ಟಿಗೆ.

ಹಂತ 1. 2024ರ ಬೇಸಿಗೆ: ಅಂಗಡಿ ಬೀಜ

ತೋಟದಂಗಡಿಯಿಂದ ಒಂದು ಎಫ್1 ಹೈಬ್ರಿಡ್ ಪೊಟ್ಟಣ, 3.49 ಪೌಂಡ್. ಮೇ ಕೊನೆಯಲ್ಲಿ ಆರು ಸಸಿ ನೆಟ್ಟೆ. ಆ ವರ್ಷ ಮಳೆ ನಿಂತದ್ದೇ ಇಲ್ಲ. ಸ್ಲಗ್ ಅನ್ನುವ ಚಿಪ್ಪಿಲ್ಲದ ಬಸವನಹುಳು ಇಡೀ ಇಂಗ್ಲೆಂಡನ್ನೇ ಮೇಯುತ್ತಿತ್ತು. ನಾಲ್ಕು ಸಸಿ ಬುಡಕ್ಕೇ ಹೋದವು. ಹಳೇ ನೀಲಿ ಗುಳಿಗೆ, ಅಂದರೆ ಮೆಟಾಲ್ಡಿಹೈಡ್, 2022ರ ಏಪ್ರಿಲ್‌ನಿಂದ ಇಲ್ಲಿ ನಿಷೇಧ. ಈಗ ಸಿಗುವುದು ಫೆರಿಕ್ ಫಾಸ್ಫೇಟ್. ಕೆಲಸ ಮಾಡುತ್ತದೆ, ಆದರೆ ಜೋರು ಮಳೆಯಾದರೆ ಮತ್ತೆ ಚೆಲ್ಲಬೇಕು.

ಉಳಿದ ಎರಡರಲ್ಲಿ ಒಂದು ಗಿಡದ ಒಂದು ಕಾಯಿ ಕೊಯ್ಯದೆ ಬಿಟ್ಟೆ. 52 ಸೆಂ.ಮೀ. ಆಯಿತು, 3.9 ಕಿಲೋ, ಅಲ್ಲಿಗೆ ನಿಂತಿತು. ಸಿಪ್ಪೆಗೆ ಉಗುರು ಇಳಿಯುತ್ತಿರಲಿಲ್ಲ. ಒಳಗೆ ಬೀಜ ಬಲಿತ ಮೇಲೆ ಗಿಡಕ್ಕೆ ಕೆಲಸ ಮುಗಿದಂತೆ, ಹೊಸ ಹೆಣ್ಣು ಹೂವೂ ಬಿಡಲ್ಲ. ಗೊಬ್ಬರದ ನೀರು ಎಷ್ಟು ಹೊಯ್ದರೂ ಎಲೆ ದೊಡ್ಡದಾಯಿತೇ ಹೊರತು ಕಾಯಲ್ಲ.

ಪಕ್ಕದ ಪ್ಲಾಟಿನ ಅಜ್ಜ ಮೂರು ದಶಕದಿಂದ ಮ್ಯಾರೋ ಬೆಳೆಯುವವರು. ಬೇಲಿ ಆಚೆಯಿಂದ ನೋಡಿ ಹೇಳಿದ್ದಿಷ್ಟೇ: "ನೀವು ಪೊದೆ ಗಿಡ ಹಾಕಿದ್ದೀರಿ. ನಿಮಗೆ ಬೇಕಾದದ್ದು ಬಳ್ಳಿ."

ವಿಷಯ ಅದೇ. ಈಗಿನ ಜುಕಿನಿ ತಳಿಗಳೆಲ್ಲ ಹೆಚ್ಚೂಕಡಿಮೆ ಪೊದೆಯಾಗಿ ಕೂರುವಂಥವು. ಚಿಕ್ಕ ಜಾಗ, ಬೇಗ ಕಾಯಿ, ಎರಡು ದಿನಕ್ಕೊಮ್ಮೆ ಕೊಯ್ಲು. ವ್ಯಾಪಾರಕ್ಕೆ ಅದು ಸರಿ. 30 ಕಿಲೋ ಕಾಯಿಗೆ ಊಟ ಹಾಕಲು ಹತ್ತಾರು ಚದರ ಮೀಟರ್ ಎಲೆ ಬೇಕು, ದಾರಿಯುದ್ದಕ್ಕೂ ಬೇರು ಬಿಡುವ ಬಳ್ಳಿ ಬೇಕು. ಪೊದೆಯಲ್ಲಿ ಅದೆಲ್ಲಿಂದ ಬರಬೇಕು?

ಹಂತ 2. 2024ರ ಆಗಸ್ಟ್‌ನಿಂದ ನವೆಂಬರ್: ಬೀಜದ ಹುಡುಕಾಟ

ಹೆಚ್ಚು ದುಡ್ಡು ಹೋಗದಿದ್ದರೂ ಹೆಚ್ಚು ತಲೆ ಕೆಡಿಸಿದ ಹಂತ ಇದು.

ಮೊದಲು ಆನ್‌ಲೈನಿನಲ್ಲಿ "ದೈತ್ಯ ಇಟಾಲಿಯನ್ ಜುಕಿನಿ" ಅಂತ ಸಿಕ್ಕಿದ್ದನ್ನು ತರಿಸಿದೆ. ಚಿತ್ರದಲ್ಲಿ ಒಬ್ಬ ಮನುಷ್ಯನ ಎದೆಮಟ್ಟದ ಕಾಯಿ. 4.20 ಪೌಂಡ್, ಎಂಟು ಬೀಜ. ಪೊಟ್ಟಣ ಒಡೆದಾಗ ಅಮ್ಮ ಹಾಸನದಿಂದ ವಿಡಿಯೋ ಕಾಲ್‌ನಲ್ಲಿದ್ದರು. ಬೀಜ ಅಂಗೈಯಲ್ಲಿಟ್ಟು ಕ್ಯಾಮೆರಾಗೆ ಹಿಡಿದೆ.

"ಇದಕ್ಯಾಕಪ್ಪ ದುಡ್ಡು ಕೊಟ್ಟೆ? ಸೋರೆ ಬೀಜ ಕಣೋ ಅದು."

"ಇಲ್ಲಮ್ಮ, ಇಟಲಿಯ ಜುಕಿನಿ."

"ಯಾವ ಇಟಲಿಯಾದರೂ ಆಗಲಿ. ತುದೀಲಿ ಎರಡು ಮೂಲೆ ನೋಡು, ಬೆನ್ನ ಮೇಲೆ ಗೆರೆ ನೋಡು."

ಅಮ್ಮ ಹೇಳಿದ್ದು ಸರಿ. ಜುಕಿನಿ ಬೀಜ ಕೆನೆ ಬಣ್ಣ, ಚಪ್ಪಟೆ, ಮೊಟ್ಟೆಯಾಕಾರ, ಸುತ್ತ ತೆಳು ಅಂಚು. ಇದು ಕಂದು, ಉದ್ದ ಚೌಕ, ಬೆನ್ನ ಮೇಲೆ ಏಣು, ಒಂದು ತುದಿಯಲ್ಲಿ ಎರಡು ಮೊಳೆಯಂಥ ಮೂಲೆ. ಸಿಸಿಲಿಯವರು ಕುಕುಝಾ ಅನ್ನುವ ಉದ್ದನೆ ಕಾಯಿ ಇದು, ಲಜೆನೇರಿಯಾ ಸಿಸೆರೇರಿಯಾ. ನಮ್ಮ ಸೋರೆಕಾಯಿಯೇ. ಇಟಲಿಯವರು ಇದನ್ನೂ ಎಳೆಯದರಲ್ಲೇ ಜುಕಿನಿಯ ಹಾಗೆ ಪಲ್ಯ, ಸೂಪು ಮಾಡುವುದರಿಂದ ಮಾರುವವರು ಎರಡನ್ನೂ ಒಂದೇ ಹೆಸರಿನಲ್ಲಿ ಹಾಕುತ್ತಾರೆ. ಮರುವರ್ಷ ಹಸಿರುಮನೆಯಲ್ಲಿ ಎರಡು ಬೀಜ ಹಾಕಿ ನೋಡಿದೆ. ಸಂಜೆ ಅರಳುವ ಬಿಳಿ ಹೂ, ಮೃದು ಎಲೆ, ಮೀಟರಿಗೆ ಮಿಕ್ಕಿದ ಕಾಯಿ. ಜುಕಿನಿಯದು ಬೆಳಗಿನ ಹಳದಿ ಹೂ, ಮುಳ್ಳುಮುಳ್ಳು ತೊಟ್ಟು. ಸಾಂಬಾರಿಗೆ ಸೊಗಸಾಗಿತ್ತು, ದೂರಿಲ್ಲ. ಆದರೆ ಸ್ಪರ್ಧೆಗಳಲ್ಲಿ ಅದರ ವಿಭಾಗವೇ ಬೇರೆ, ಅಲ್ಲಿ ಅಳೆಯುವುದು ಉದ್ದ, ತೂಕವಲ್ಲ. "ದೈತ್ಯ" ಅಂತ ಬರೆದ ಪೊಟ್ಟಣ ಕೊಳ್ಳುವ ಮೊದಲು ಬೀಜದ ಫೋಟೋ ಕೇಳಿ. ಕಾಯಿಯ ಫೋಟೋ ಯಾರು ಬೇಕಾದರೂ ಹಾಕುತ್ತಾರೆ.

ಎರಡನೆಯದು, ಲಾಂಗ್ ಗ್ರೀನ್ ಟ್ರೇಲಿಂಗ್. ಇಂಗ್ಲೆಂಡಿನ ಹಳೇ ಮ್ಯಾರೋ ತಳಿ, ಹೈಬ್ರಿಡ್ ಅಲ್ಲ, ನಿಜವಾಗಿ ಹಬ್ಬುವ ಬಳ್ಳಿ. 2.80 ಪೌಂಡ್. ಭದ್ರತೆಗೆ ಇದನ್ನೂ ಇಟ್ಟುಕೊಂಡೆ.

ಮೂರನೆಯದು ಸಿಕ್ಕಿದ್ದು ಸೆಪ್ಟೆಂಬರಿನಲ್ಲಿ ಮಾಲ್ವರ್ನ್‌ನಲ್ಲಿ. ವೂಸ್ಟರ್‌ಷೈರಿನ ಮಾಲ್ವರ್ನ್ ಶರತ್ಕಾಲದ ಪ್ರದರ್ಶನದಲ್ಲೇ ಬ್ರಿಟನ್ನಿನ ರಾಷ್ಟ್ರೀಯ ದೈತ್ಯ ತರಕಾರಿ ಸ್ಪರ್ಧೆ ನಡೆಯುತ್ತದೆ. ಕಾಯಿಗಳನ್ನು ಎತ್ತುವುದು ಫೋರ್ಕ್‌ಲಿಫ್ಟಿನಲ್ಲಿ. ಬೆಳೆಗಾರರು ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತಿರುತ್ತಾರೆ. ಕೇಳಿದರೆ ಗುಟ್ಟು ಮುಚ್ಚಿಡಲ್ಲ. ಒಬ್ಬರು ಚಿಕ್ಕ ಲಕೋಟೆಯಲ್ಲಿ ಮೂರು ಬೀಜ ಕೊಟ್ಟರು, 6 ಪೌಂಡ್ ದಾನದ ಡಬ್ಬಿಗೆ ಹಾಕಿಸಿದರು. ಲಕೋಟೆಯ ಮೇಲೆ ತಾಯಿ ಕಾಯಿಯ ತೂಕ, ವರ್ಷ, ಕೆಳಗೆ "ಸ್ವಂತ ಪರಾಗ" ಅಂತ, ಅಂದರೆ ಅದೇ ಬಳ್ಳಿಯ ಗಂಡು ಹೂವಿನ ಪರಾಗ.

ಕುಂಬಳ ಬೆಳೆಯುವವರಲ್ಲೂ ಇದೇ ಪದ್ಧತಿ. ಅವರ ಬೀಜಕ್ಕೆ ಹೆಸರೇ ತೂಕ, ಬೆಳೆಗಾರರ ಅಡ್ಡಹೆಸರು, ವರ್ಷ. ನಾನು ಕಲಿತದ್ದು: ತೂಕಕ್ಕಿಂತ ಕೆಳಗಿನ ಸಾಲು ಮುಖ್ಯ. ಅಷ್ಟು ದೊಡ್ಡ ಕಾಯಿಯ ತಾಯಿ ಯಾರೆಂದು ಎಲ್ಲರಿಗೂ ಗೊತ್ತು, ತಂದೆ ಯಾರೆಂದು ಬರೆದಿರದಿದ್ದರೆ ಆ ಬೀಜ ಲಾಟರಿ. ಜೇನು ಎಲ್ಲಿಂದ ಪರಾಗ ತಂದಿತೋ! ಪಕ್ಕದವರ ಪೊದೆ ಕೋರ್ಜೆಟ್ಟಿನದೇ ಇರಬಹುದು, ಅಂದಕ್ಕೆ ಬೆಳೆಸುವ ಕಹಿ ಸೋರೆಬುರುಡೆಯಂಥ ಪುಟ್ಟ ಕುಂಬಳದ್ದೂ ಇರಬಹುದು. ಎಲ್ಲ ಒಂದೇ ಜಾತಿ, ಸಲೀಸಾಗಿ ಕೂಡುತ್ತವೆ.

ಹಂತ 3. 2024ರ ನವೆಂಬರ್‌ನಿಂದ 2025ರ ಮಾರ್ಚ್: ಗುಂಡಿ

1 ಮೀ. ಅಗಲ, 1 ಮೀ. ಉದ್ದ, 45 ಸೆಂ.ಮೀ. ಆಳ. ಅಂಥವು ಎರಡು. ಜೇಡಿ ತಳವನ್ನು ಫೋರ್ಕಿನಿಂದ ಒಡೆದೆ, ಇಲ್ಲದಿದ್ದರೆ ಗುಂಡಿ ತೊಟ್ಟಿಯಾಗಿ ನೀರು ನಿಲ್ಲುತ್ತದೆ.

ಕುದುರೆ ಲದ್ದಿ ಗೊಬ್ಬರ ಇಲ್ಲಿ ಪುಕ್ಕಟೆ, ಆದರೆ ಕಣ್ಣುಮುಚ್ಚಿ ಹಾಕುವಂತಿಲ್ಲ. ಹುಲ್ಲುಗಾವಲಿಗೆ ಹೊಡೆಯುವ ಅಮಿನೊಪೈರಾಲಿಡ್ ಅನ್ನುವ ಕಳೆನಾಶಕ ಹುಲ್ಲಿನಿಂದ ಕುದುರೆ ಹೊಟ್ಟೆಗೆ, ಅಲ್ಲಿಂದ ಲದ್ದಿಗೆ ಹಾಗೇ ಬರುತ್ತದೆ. ಅದಕ್ಕೆ ಪರೀಕ್ಷೆ: ಒಂದು ಕುಂಡಕ್ಕೆ ಬರೀ ಕಾಂಪೋಸ್ಟು, ಇನ್ನೊಂದಕ್ಕೆ ಕಾಂಪೋಸ್ಟಿನ ಜೊತೆ ಅರ್ಧಕ್ಕರ್ಧ ಗೊಬ್ಬರ, ಎರಡರಲ್ಲೂ ಬ್ರಾಡ್ ಬೀನ್ಸ್ ಬಿತ್ತಿ ಕಿಟಕಿಯಲ್ಲಿಡುವುದು. ಹತ್ತಿರದ ಲಾಯದ ಗೊಬ್ಬರದ ಕುಂಡದಲ್ಲಿ ಎಲೆ ಮುಷ್ಟಿ ಕಟ್ಟಿದ ಹಾಗೆ ಸುರುಟಿಕೊಂಡು ಬಂತು. ಆ ರಾಶಿ ಬಿಟ್ಟೆ. ದೂರದ ಇನ್ನೊಂದು ಲಾಯದ್ದು ತಂದು ಪರೀಕ್ಷಿಸಿದೆ, ಎಲೆ ಸಪಾಟಾಗಿ ಬಂತು. ಗುಂಡಿಗೊಂದು ಎಂಟು ಚೀಲ ಹೋಯಿತು. ಕಾರಿನ ವಾಸನೆ ಮಾತ್ರ ಏಪ್ರಿಲ್‌ವರೆಗೂ ಹೋಗಲಿಲ್ಲ.

ಹಂತ 4. 14 ಏಪ್ರಿಲ್ 2025: ಬಿತ್ತನೆ

9 ಸೆಂ.ಮೀ. ಕುಂಡ, ಬೀಜವನ್ನು ಮಲಗಿಸದೆ ಅಂಚಿನ ಮೇಲೆ ನಿಲ್ಲಿಸಿ, 2 ಸೆಂ.ಮೀ. ಆಳ. ಕೆಳಗೆ ಬಿಸಿ ಚಾಪೆ (22 ಪೌಂಡ್), 25 ಡಿಗ್ರಿ. ಮಾಲ್ವರ್ನ್ ಬೀಜದಲ್ಲಿ ಎರಡು ಒಂದು ವಾರದೊಳಗೆ ಎದ್ದವು. ಮೂರನೆಯದನ್ನು ಕೆದಕಿ ನೋಡಿದೆ, ಬೆರಳ ಮಧ್ಯೆ ಹಿಚುಕಿದರೆ ಲೋಳೆ. ಕುಂಡ ಹೆಚ್ಚು ಒದ್ದೆಯಿತ್ತು. 2 ಪೌಂಡಿನ ಬೀಜ! ಕಾಂಪೋಸ್ಟನ್ನು ಬಿತ್ತುವ ಮುಂಚೆಯೇ ತೋಯಿಸಿ, ಮುಷ್ಟಿಯಲ್ಲಿ ಹಿಂಡಿದರೆ ಹನಿ ಬೀಳದಷ್ಟು ಒದ್ದೆಯಿಟ್ಟು, ಮೊಳಕೆ ಕಾಣುವವರೆಗೆ ಮತ್ತೆ ನೀರು ತೋರಿಸದಿದ್ದರೆ ಈ ನಷ್ಟ ಇಲ್ಲ. ಲಾಂಗ್ ಗ್ರೀನ್ ಟ್ರೇಲಿಂಗ್ ಹಾಕಿದ್ದೆಲ್ಲ ಎದ್ದವು, ಅದಕ್ಕೇನೂ ನಾಜೂಕಿಲ್ಲ.

ಹಂತ 5. 24 ಮೇ: ನೆಡುವುದು

ಇಲ್ಲಿ ಮೇ ಮಧ್ಯದವರೆಗೆ ಇಬ್ಬನಿ ಹೆಪ್ಪುಗಟ್ಟುವ ಭಯ. ಸಸಿಗಳನ್ನು ಹಗಲು ಹೊರಗೆ, ರಾತ್ರಿ ಒಳಗೆ ಇಟ್ಟು ಒಗ್ಗಿಸಿ ನೆಟ್ಟೆ, ಮೇಲೆ ಪ್ಲಾಸ್ಟಿಕ್ ಕಮಾನು ಹೊದಿಸಿದೆ. ಆ ವರ್ಷದ ವಸಂತ ಒಣ, ಬಿಸಿಲೋ ಬಿಸಿಲು. ಸ್ಲಗ್ಗಿನ ಕಾಟ ಹೆಸರಿಗೆ ಮಾತ್ರ ಇತ್ತು.

ಹಂತ 6. ಜೂನ್‌ನಿಂದ ಜುಲೈ ಮೊದಲ ವಾರ: ಬಳ್ಳಿ, ಹೂವು

ಮುಖ್ಯ ಬಳ್ಳಿ 2 ಮೀ. ದಾಟುವವರೆಗೆ ಬಂದ ಹೆಣ್ಣು ಹೂವೆಲ್ಲ ಚಿವುಟಿದೆ. ಕರುಳು ಚುರ್ರೆನ್ನುತ್ತದೆ, ಆದರೂ ಮಾಡಬೇಕು. ಬುಡದ ಹತ್ತಿರದ ಕಾಯಿಗೆ ಹಿಂದೆ ಎಲೆಯೇ ಇರಲ್ಲ. ಪ್ರತಿ ಗೆಣ್ಣನ್ನೂ ಸ್ವಲ್ಪ ಮಣ್ಣಲ್ಲಿ ಹೂತು, ಬಿದಿರ ಕಡ್ಡಿ ಎರಡು ಅಡ್ಡ ಚುಚ್ಚಿ ಹಿಡಿಸಿದೆ. ವಾರದಲ್ಲಿ ಅಲ್ಲಿಂದಲೂ ಬೇರು.

ಪರಾಗಸ್ಪರ್ಶ ಕೈಯಲ್ಲೇ. ಹಿಂದಿನ ಸಂಜೆ ನೋಡಿದರೆ ನಾಳೆ ಅರಳುವ ಮೊಗ್ಗು ಗೊತ್ತಾಗುತ್ತದೆ, ತುದಿ ಹಸಿರಿನಿಂದ ಕಿತ್ತಳೆಗೆ ತಿರುಗಿರುತ್ತದೆ. ಹೆಣ್ಣು ಹೂವಿನ ಕೆಳಗೆ ಬೆರಳುದ್ದದ ಮಿಡಿ ಇರುತ್ತದೆ, ಗಂಡಿಗೆ ಬರೀ ತೊಟ್ಟು. ಎರಡರ ತುದಿಗೂ ಪೇಂಟಿಂಗಿನವರು ಬಳಸುವ ಕಾಗದದ ಟೇಪು ಸುತ್ತಿ ಜೇನು ನುಗ್ಗದಂತೆ ಮುಚ್ಚಿದೆ. ಬೆಳಿಗ್ಗೆ ಆರರ ಹೊತ್ತಿಗೆ ಗಂಡು ಹೂ ಕಿತ್ತು, ದಳ ಸುಲಿದು, ಒಳಗಿನ ದಿಂಡು ಉಳಿಸಿಕೊಂಡೆ. ಬೆರಳಿಗೆ ಮುಟ್ಟಿದರೆ ಅರಿಸಿನದಂಥ ಪುಡಿ ಹತ್ತಬೇಕು. ಹತ್ತದಿದ್ದರೆ ಅರ್ಧ ಗಂಟೆ ಕಾಯಿರಿ. ಹೆಣ್ಣು ಹೂವಿನ ಟೇಪು ಬಿಚ್ಚಿ, ಒಳಗಿನ ಎಲ್ಲ ಹಾಲೆಗಳಿಗೂ ತಾಗುವಂತೆ ಸವರಿ, ಮತ್ತೆ ಟೇಪು ಸುತ್ತಿದೆ. ಹಾಲೆಯ ಒಂದೇ ಪಕ್ಕಕ್ಕೆ ಪರಾಗ ಬಿದ್ದರೆ ಕಾಯಿ ಸೊಟ್ಟ ಬೆಳೆಯುತ್ತದೆ. ಗಂಡು ಹೂ ಅದೇ ಬಳ್ಳಿಯದು, ಏಕೆಂದರೆ ಬೀಜ ಎತ್ತಿಡುವ ಯೋಚನೆ ಆಗಲೇ ಇತ್ತು.

ಮಾಲ್ವರ್ನ್ ಬೀಜದ ಎರಡು ಬಳ್ಳಿಯಲ್ಲೂ ಒಂದೊಂದೇ ಕಾಯಿ ಉಳಿಸಿದೆ. ಅವುಗಳಿಗೆ ಒಂದು, ಎರಡು ಅಂತ ನಂಬರ್ ಹಾಕಿದ್ದೇನೆ.

ಹಂತ 7. ಜುಲೈ ಕೊನೆ: ನೀರಿಲ್ಲ

ಜುಲೈ 22ಕ್ಕೆ ನಮ್ಮ ಕಡೆ ಹೋಸ್ ಪೈಪ್ ನಿಷೇಧ ಬಂತು. ಕ್ಯಾನಿನಲ್ಲಿ ಹೊತ್ತು ಹಾಕಬಹುದಿತ್ತು, ಪೈಪಿನಲ್ಲಿ ಹೊಡೆಯುವಂತಿರಲಿಲ್ಲ. ಹವಾಮಾನ ಇಲಾಖೆಯ ದಾಖಲೆಯಲ್ಲೇ ಅಲ್ಲಿಯವರೆಗಿನ ಬ್ರಿಟನ್ನಿನ ಅತಿ ಬಿಸಿ ಬೇಸಿಗೆ ಅದು. ಚಳಿಗಾಲದಲ್ಲಿ 40 ಪೌಂಡಿಗೆ ಕೊಂಡ 1,000 ಲೀಟರಿನ ಹಳೇ ಪ್ಲಾಸ್ಟಿಕ್ ಟ್ಯಾಂಕು ಶೆಡ್ಡಿನ ಸೂರಿನ ಮಳೆನೀರಿನಿಂದ ತುಂಬಿತ್ತು, ಅದೇ ಕೈ ಹಿಡಿಯಿತು. ಬಳ್ಳಿಗೆ ದಿನಕ್ಕೆ 40 ಲೀಟರ್, 10 ಲೀಟರಿನ ಕ್ಯಾನು, ಸಂಜೆ ಹೊತ್ತು, ಬೇರಿಗೆ ಮಾತ್ರ. ಮಣ್ಣಿನ ಮೇಲೆ ಹುಲ್ಲು ಹೊದಿಸಿದ ಮೇಲೆ ಮರುಸಂಜೆಯವರೆಗೂ ತೇವ ನಿಂತಿತು. ಈ ಹೊದಿಕೆ ಜೂನಿನಲ್ಲೇ ಹಾಕುವಂಥದ್ದು.

ಕಾಯಿಗೆ ಬಿಸಿಲು ಬಿದ್ದರೆ ಸಿಪ್ಪೆ ಬೇಗ ಗಟ್ಟಿಯಾಗಿ ಹಿಗ್ಗಲ್ಲ. ನಾಲ್ಕು ಕಡ್ಡಿ ನೆಟ್ಟು ಮೇಲೆ ಹಳೇ ಪಂಚೆ ಕಟ್ಟಿದೆ. ದಾರಿಯಲ್ಲಿ ಹೋಗುವವರೆಲ್ಲ ಕೇಳುತ್ತಿದ್ದರು, ಒಳಗೇನಿದೆ ಅಂತ.

ಹಂತ 8. 3 ಆಗಸ್ಟ್: ಒಂದನೇ ಕಾಯಿ ಹೋಯಿತು

ಸುತ್ತಳತೆ 61 ಸೆಂ.ಮೀ. ಇತ್ತು, ದಿನಕ್ಕೆ ಒಂದೂವರೆ ಸೆಂ.ಮೀ. ಏರುತ್ತಿತ್ತು. ಬೆಳಿಗ್ಗೆ ನೋಡಿದರೆ ತೊಟ್ಟಿನ ಬುಡದಲ್ಲಿ ಅಂಗುಲದ ಬಿರುಕು, ಅಂಚಿನಲ್ಲಿ ಜೇನಿನ ಬಣ್ಣದ ಅಂಟು ಮಣಿಗಟ್ಟಿತ್ತು. ಮಧ್ಯಾಹ್ನದೊಳಗೆ ಬಿರುಕು ತೊಟ್ಟಿನ ಅರ್ಧ ಸುತ್ತಿಗೆ ಬಂತು.

ಕಾರಣ ಬಗ್ಗಿ ನೋಡಿದರೆ ಕಾಣುತ್ತಿತ್ತು. ಕಾಯಿಯ ಎರಡೂ ಪಕ್ಕದ ಗೆಣ್ಣು ಬೇರು ಬಿಟ್ಟು ನೆಲಕ್ಕೆ ಬಿಗಿದಿದ್ದವು. ಕಾಯಿಯ ಹೆಗಲು ಉಬ್ಬಿ ಬಳ್ಳಿಯನ್ನು ಮೇಲೆತ್ತುತ್ತಿತ್ತು, ಬಳ್ಳಿ ಏಳುತ್ತಿರಲಿಲ್ಲ, ನಡುವೆ ಸಿಕ್ಕ ತೊಟ್ಟು ಹರಿಯಿತು. ಅಜ್ಜ ನೋಡಿ, ಗಂಧಕದ ಪುಡಿ ಹಚ್ಚಿ ಒಣಗಿಸಿದರೆ ಕೆಲವೊಮ್ಮೆ ನಿಲ್ಲುತ್ತದೆ ಅಂದರು. ಹಚ್ಚಿದೆ, ನಿಲ್ಲಲಿಲ್ಲ. ಮೂರನೇ ದಿನಕ್ಕೆ ಕೊಳೆತ ವಾಸನೆ. ಕೊಯ್ದು ತೂಗಿದರೆ 15.8 ಕಿಲೋ.

ಅದೇ ಸಂಜೆ ಎರಡನೇ ಬಳ್ಳಿಗೆ ಮಾಡಿದ್ದು: ಕಾಯಿಯ ಪಕ್ಕದ ಒಂದೊಂದು ಗೆಣ್ಣಿನ ಬೇರನ್ನು ಚಾಕುವಿನಿಂದ ಕತ್ತರಿಸಿ ಬಳ್ಳಿ ಸಡಿಲ ಮಾಡಿದೆ. ಕಾಯಿಯನ್ನು ದಿನಕ್ಕಿಷ್ಟಿಷ್ಟೇ ತಿರುಗಿಸಿ ಬಳ್ಳಿಗೆ ಅಡ್ಡಲಾಗಿ ತಂದೆ. ಇದನ್ನು ಬಿಸಿಲಿನ ಮಧ್ಯಾಹ್ನವೇ ಮಾಡಬೇಕು, ಆಗ ತೊಟ್ಟು ಬಾಗುತ್ತದೆ. ಬೆಳಿಗ್ಗೆ ನೀರು ತುಂಬಿ ಬಿಗಿದಿರುವಾಗ ಮುಟ್ಟಿದರೆ ಲಟ್. ಕೆಳಗೆ ಮರಳು ಹಾಸಿ ಮೇಲೆ ಥರ್ಮೋಕೋಲ್ ಹಲಗೆ ಇಟ್ಟೆ. ಹಲಗೆಗೆ ತೂತು ಕೊರೆದಿದ್ದರಿಂದ ನೀರು ನಿಲ್ಲಲಿಲ್ಲ.

ಹಂತ 9. ಆಗಸ್ಟ್ ಮಧ್ಯ, ಸೆಪ್ಟೆಂಬರ್

ಎಲೆಗೆ ಬೂದಿ ರೋಗ ಬಂತು, ಬರದೆ ಇರುವುದುಂಟೇ. ಒಂದು ಭಾಗ ಹಾಲಿಗೆ ಒಂಬತ್ತು ಭಾಗ ನೀರು ಬೆರೆಸಿ ಬಿಸಿಲಲ್ಲಿ ಹೊಡೆದೆ, ಬುಡದ ಹಳೇ ಎಲೆ ತೆಗೆದೆ. ಹೋಗಲಿಲ್ಲ, ಹಬ್ಬುವುದು ನಿಧಾನವಾಯಿತು. ರಾತ್ರಿ ತಣ್ಣಗಾದಂತೆ ಕಾಯಿಯ ಬೆಳವಣಿಗೆಯೂ ತಗ್ಗಿ, ಸೆಪ್ಟೆಂಬರ್ ಎರಡನೇ ವಾರದಲ್ಲಿ ಟೇಪು ಸುತ್ತಿದರೆ ಅಳತೆ ಅಲ್ಲಿಗೇ ನಿಂತಿತ್ತು.

20ರಂದು ಕೊಯ್ದೆ. ತೊಟ್ಟಿನ ಎರಡೂ ಪಕ್ಕ ಗೇಣು ಬಳ್ಳಿ ಬಿಟ್ಟು ಕತ್ತರಿಸಿದೆ. ಟಾರ್ಪಾಲಿನ ಮೇಲೆ ಉರುಳಿಸಿ ಇಬ್ಬರು ಹಿಡಿದು ತಂದೆವು. ತೂಕಕ್ಕೆ ಬಚ್ಚಲುಮನೆಯ ತಕ್ಕಡಿ: ನಾನು ಹೊತ್ತು ನಿಂತಾಗಿನ ತೂಕದಲ್ಲಿ ನನ್ನದು ಕಳೆದದ್ದು. ಆಮೇಲೆ ನಮ್ಮ ಅಲಾಟ್‌ಮೆಂಟಿನ ಪ್ರದರ್ಶನದ ತಕ್ಕಡಿಯಲ್ಲೂ 34.2ಕ್ಕೇ ನಿಂತಿತು. ಅಲ್ಲಿ ಎರಡನೇ ಸ್ಥಾನ. ಮೊದಲನೆಯದು ಅಜ್ಜನ ಕಾಯಿ, 41 ಕಿಲೋ.

ಹೋಲಿಕೆಗೆ: ಅದೇ ಗೊಬ್ಬರ, ಅದೇ ನೀರು ಕುಡಿದು ಲಾಂಗ್ ಗ್ರೀನ್ ಟ್ರೇಲಿಂಗ್‌ನ ದೊಡ್ಡ ಕಾಯಿ 9.4 ಕಿಲೋ. ಗೊಬ್ಬರದ ಗುಟ್ಟು ಕೇಳುವವರಿಗೆ ನಾನು ಈ ಎರಡು ಅಂಕಿ ತೋರಿಸುತ್ತಿದ್ದೇನೆ.

ಹಂತ 10. ಅಕ್ಟೋಬರ್: ಬೀಜ, ಅಡುಗೆ, ಲೆಕ್ಕ

ಎರಡು ವಾರ ಶೆಡ್ಡಿನಲ್ಲಿಟ್ಟು ಕಡಿದೆ. ಗರಗಸವೇ ಬೇಕಾಯಿತು. ತಿರುಳು ಹಾಕುವ ಮೊದಲು ಅಕ್ಕಿಕಾಳಿನಷ್ಟು ನಾಲಿಗೆ ತುದಿಗಿಟ್ಟು ಉಗುಳಿದೆ. ಊರಲ್ಲಿ ಸೋರೆ, ಹೀರೆ ಹೆಚ್ಚುವಾಗ ತುದಿ ಕಚ್ಚಿ ನೋಡುತ್ತಾರಲ್ಲ, ಅದು ಇಲ್ಲಿಗೂ ಬೇಕು. ಕಹಿಯಿದ್ದರೆ ಇಡೀ ಕಾಯಿ ಬಿಸಾಡಿ. ಆ ಕಹಿ ಕುಕುರ್ಬಿಟಾಸಿನ್, ಬೇಯಿಸಿದರೂ ಹೋಗಲ್ಲ, ವಾಂತಿ ಭೇದಿ ಹಿಡಿದು ಆಸ್ಪತ್ರೆ ಸೇರಿಸುತ್ತದೆ. ತಂದೆ ಗೊತ್ತಿಲ್ಲದ ಬೀಜದಲ್ಲಿ ಈ ಭಯ ಹೆಚ್ಚು. 2022ರಲ್ಲಿ ಇಲ್ಲಿ ಕಹಿ ಕಾಯಿ ಬಂತೆಂದು ಅಂಗಡಿಯ ಕೋರ್ಜೆಟ್ ಬೀಜವನ್ನೇ ವಾಪಸು ಪಡೆದದ್ದುಂಟು.

ನಮ್ಮದು ಸಪ್ಪೆ, ಕಹಿಯಿಲ್ಲ. ಸಿಪ್ಪೆ ತೆಗೆದು ಮಜ್ಜಿಗೆಹುಳಿಗೆ ಹಾಕಿದರೆ ಬೂದುಗುಂಬಳಕ್ಕೂ ಇದಕ್ಕೂ ವ್ಯತ್ಯಾಸ ಹೇಳುವುದು ಕಷ್ಟ. ತುರಿದು ಹಿಂಡಿ ಹಲ್ವ ಮಾಡಿದ್ದು ಬರಲಿಲ್ಲ, ನಾರು ಹಲ್ಲಿಗೆ ಸಿಕ್ಕಿತು. ರುಚಿಗಾಗಿ ಬೆಳೆಯುವುದಾದರೆ ದೈತ್ಯ ಬೇಡ, ಗೇಣುದ್ದಕ್ಕೆ ಕೊಯ್ಯಿರಿ.

ಬೀಜ ತೊಳೆದು ನೀರಿಗೆ ಹಾಕಿ, ಮುಳುಗಿದ್ದನ್ನು ತಟ್ಟೆಯಲ್ಲಿ ಹರಡಿ ನೆರಳಲ್ಲಿ ಒಣಗಿಸಿದೆ. ಕಾಗದದ ಮೇಲೆ ಹಾಕಬೇಡಿ, ಅಂಟಿ ಸಿಪ್ಪೆ ಕಿತ್ತು ಬರುತ್ತದೆ. ಬಗ್ಗಿಸಿದರೆ ಲಟಕ್ ಎಂದು ಮುರಿಯುವಷ್ಟು ಒಣಗಿದ ಮೇಲೆ ಲಕೋಟೆಗೆ ತುಂಬಿ "34.2, 2025, ಸ್ವಂತ ಪರಾಗ" ಅಂತ ಬರೆದೆ.

ಖರ್ಚು: ಬೀಜ ಎಲ್ಲ ಸೇರಿ 16.49, ಬಿಸಿ ಚಾಪೆ 22, ಟ್ಯಾಂಕು 40, ಕಮಾನು ಮತ್ತು ಪ್ಲಾಸ್ಟಿಕ್ 14, ಕಾಂಪೋಸ್ಟು 12, ಗೊಬ್ಬರಕ್ಕೆ ಪೆಟ್ರೋಲು ಲೆಕ್ಕವಿಟ್ಟಿಲ್ಲ. ಒಟ್ಟು 104.49 ಪೌಂಡ್. ಬಹುಮಾನದ ದುಡ್ಡು 3 ಪೌಂಡ್.

ಫೋಟೋ ನೋಡಿದ ಮೇಲೆ ಬೀಜ ಕಳಿಸಿ ಅಂತ ಊರಿಂದ ಕೇಳುತ್ತಿದ್ದಾರೆ. ಅಂಚೆಯಲ್ಲಿ ಹಾಕುವಂತಿಲ್ಲ. ಭಾರತಕ್ಕೆ ಬೀಜ ತರಿಸಲು ಆಮದು ಪರವಾನಗಿ, ಇಲ್ಲಿಂದ ಸಸ್ಯ ಆರೋಗ್ಯ ಪ್ರಮಾಣಪತ್ರ ಎರಡೂ ಬೇಕು, ಸೂಟ್‌ಕೇಸಿನಲ್ಲಿ ತಂದರೂ ಅದೇ ಕಾನೂನು. ಬ್ರಿಟನ್ನಿನ ಒಳಗಿರುವವರು ಕೇಳಿದರೆ ಐದೈದು ಕಳಿಸುತ್ತೇನೆ, ಬಳ್ಳಿಗೆ 3 ಮೀಟರ್ ಅಗಲದ ಜಾಗ ಇದ್ದವರು ಮಾತ್ರ ಕೇಳಿ.